ಸಂಘಕ್ಕೆ ಪ್ರಶಸ್ತಿ ಏತಕ್ಕೆ?

ಸದಸ್ಯ ಬಂಧುಗಳಲ್ಲಿ ಹಲವರು ಇತ್ತೀಚೆಗೆ ಒಂದೇ ಪ್ರಶ್ನೆಯನ್ನು ನಮ್ಮ ಮುಂದಿಡುತ್ತಿದ್ದಾರೆ. ಅಲ್ಲಿಯ ಸಂಘಕ್ಕೆ ಪ್ರಶಸ್ತಿ ಬಂದಿತಂತೆ, ಇಲ್ಲಿಯ ಸಂಘದ ಅಧ್ಯಕ್ಷರಿಗೆ ಶಾಲು ಹೊದಿಸಿದರಂತೆ, ನಮ್ಮ ಸಂಘಕ್ಕೆ ಮಾತ್ರ ಏಕೆ ಏನೂ ಬರುವುದಿಲ್ಲ ಎಂಬುದು ಆ ಪ್ರಶ್ನೆ. ವಾರ್ಷಿಕ ಮಹಾಸಭೆಯಲ್ಲೂ ಈ ಮಾತು ಬಂದೇ ಬರುತ್ತದೆಂಬ ಸೂಚನೆ ಇದೆ. ಆದುದರಿಂದ ಸಂಘ ಸಂಸ್ಥೆಗಳಿಗೆ ಕೊಡುವ ಪ್ರಶಸ್ತಿಗಳು ಎಂತಹವು, ಅವನ್ನು ಯಾರು ಯಾವ ಕೆಲಸಕ್ಕಾಗಿ ಕೊಡುತ್ತಾರೆ ಎಂಬುದನ್ನು ಇಲ್ಲಿ ತಿಳಿಸಲು ಯತ್ನಿಸಿದ್ದೇವೆ.

ಮೊದಲು ಒಂದು ಪತ್ರದ ವಿಷಯ. ಕೆಲವು ದಿನಗಳ ಹಿಂದೆ ದೂರದ ಊರೊಂದರಿಂದ ನಮ್ಮ ಕಚೇರಿಗೆ ಹೊಳೆಯುವ ಕಾಗದದಲ್ಲಿ, ಬಂಗಾರದ ಬಣ್ಣದ ಮುದ್ರೆ ಒತ್ತಿದ ಪತ್ರವೊಂದು ಬಂದಿತ್ತು. ರಾಷ್ಟ್ರಮಟ್ಟದ ಗೌರವಕ್ಕೆ ನಮ್ಮ ಸಂಘ ಆಯ್ಕೆಯಾಗಿದೆ ಎಂದು ಅದರಲ್ಲಿ ಬರೆದಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ನೋಂದಣಿ ಶುಲ್ಕ, ಸ್ಮರಣಿಕೆಯ ವೆಚ್ಚ, ದೊಡ್ಡ ಹೋಟೆಲಿನಲ್ಲಿ ನಡೆಯುವ ಔತಣಕ್ಕೆ ತಲೆಗೆ ಇಷ್ಟೆಂಬ ಲೆಕ್ಕ, ಜಾಹೀರಾತಿಗೆ ಬೇರೆ ದರ. ನಮ್ಮ ಸಂಘ ಏನು ಕೆಲಸ ಮಾಡಿದೆ ಎಂದು ಕೇಳುವ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಅಷ್ಟು ಹಣವಿದ್ದರೆ ನಮ್ಮ ಗೋದಾಮಿನ ಒಡೆದ ಹಂಚುಗಳನ್ನೆಲ್ಲ ಬದಲಾಯಿಸಿ, ಮಿಕ್ಕಿದ್ದರಲ್ಲಿ ತೂಕದ ಯಂತ್ರಕ್ಕೆ ರಿಪೇರಿ ಮಾಡಿಸಬಹುದು. ಆಡಳಿತ ಮಂಡಳಿಯು ಆ ಪತ್ರವನ್ನು ಓದಿ ಕಡತಕ್ಕೆ ಸೇರಿಸಿತು. ಇಂತಹ ಪತ್ರಗಳು ಬೇರೆ ಸಂಘಗಳಿಗೂ ಬರುತ್ತಿವೆಯೆಂದು ಕೇಳಿದ್ದೇವೆ. ಗೌರವ ಪಡೆಯುವವನೇ ಹಣ ಕಟ್ಟಬೇಕೆಂದಾದರೆ ಅದು ಪ್ರಶಸ್ತಿಯಲ್ಲ, ವ್ಯಾಪಾರ. ಅಂಗಡಿಯಲ್ಲಿ ಹಿತ್ತಾಳೆಯ ಫಲಕ ಕೊಂಡು ಹೆಸರು ಕೆತ್ತಿಸಿದರೆ ಇದಕ್ಕಿಂತ ಅಗ್ಗವಾದೀತು.

ಆದರೆ ನಿಜವಾದ ಪ್ರಶಸ್ತಿಗಳೂ ಇವೆ. ವೃತ್ತಿನಿರತರ ಸಂಘ, ವರ್ತಕರ ಸಂಘ, ಉತ್ಪಾದಕರ ಸಂಘ ಇವೆಲ್ಲ ಹುಟ್ಟುವುದು ಸದಸ್ಯರ ಹಿತಕ್ಕಾಗಿ. ವಕೀಲರ ಸಂಘ ವಕೀಲರಿಗಾಗಿ, ನಮ್ಮ ಸಂಘ ಬೆಳೆಗಾರರಿಗಾಗಿ. ಇದರಲ್ಲಿ ತಪ್ಪೇನೂ ಇಲ್ಲ. ಸದಸ್ಯರಿಗೆ ಒಳ್ಳೆಯ ಧಾರಣೆ ಕೊಡಿಸಿದ್ದಕ್ಕೆ ಸದಸ್ಯರೇ ಕೃತಜ್ಞರಾಗಿರಬೇಕು, ಲೋಕವೇಕೆ ಹಾರ ಹಾಕಬೇಕು? ಲೋಕ ಗೌರವಿಸುವುದು ಅಂತಹ ಸಂಘ ತನ್ನ ಬೇಲಿಯಿಂದಾಚೆಗೆ, ಸದಸ್ಯರಲ್ಲದವರಿಗಾಗಿ ಮಾಡಿದ ಕೆಲಸವನ್ನು. ಅಮೆರಿಕದಲ್ಲಿ ಸಂಘಗಳನ್ನು ನಡೆಸುವ ಕಾರ್ಯನಿರ್ವಾಹಕರದೇ ಒಂದು ಸಂಘವಿದೆ. 1920ರಲ್ಲಿ ಹುಟ್ಟಿದ ಆ ಸಂಸ್ಥೆ ವೃತ್ತಿ ಮತ್ತು ವ್ಯಾಪಾರ ಸಂಘಗಳು ಸಮಾಜಕ್ಕೆ ಸಲ್ಲಿಸಿದ ಸೇವೆಗೆಂದೇ 'ಪವರ್ ಆಫ್ ಎ' ಎಂಬ ಹೆಸರಿನ ಪ್ರಶಸ್ತಿಗಳನ್ನು ಕೊಡುತ್ತದೆ. ಅಸೋಸಿಯೇಷನ್ ಎಂಬ ಪದದ ಮೊದಲ ಅಕ್ಷರವೇ ಆ 'ಎ'. ಅಲ್ಲಿ ಸಂಘಗಳೇ ಅರ್ಜಿ ಬರೆದು ತಮ್ಮ ಕೆಲಸವನ್ನು ವಿವರಿಸಬೇಕು. ಅರ್ಜಿ ಹಾಕುವುದು ಕೀಳೆಂದು ನಾವು ಹೇಳುವುದಿಲ್ಲ. ಆದರೂ ತಾನಾಗಿ ಕೇಳದೆ ಬಂದ ಗೌರವದ ಕಥೆ ಬೇರೆ. ಅಂತಹ ಒಂದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ನಮಗೂ ಅದರಿಂದ ಪ್ರಯೋಜನವಿದೆ.

ಶಾಂತಿಗಾಗಿ ಕೊಡುವ ನೊಬೆಲ್ ಪಾರಿತೋಷಕ ವ್ಯಕ್ತಿಗಳಿಗೆ ಮಾತ್ರವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಸಂಸ್ಥೆಗಳಿಗೂ ಸಲ್ಲುತ್ತದೆ. 1904ರಲ್ಲೇ ಅದು ಅಂತರರಾಷ್ಟ್ರೀಯ ಕಾನೂನು ಪಂಡಿತರ ಒಂದು ಸಂಸ್ಥೆಗೆ ಸಂದಿತು. 1985ರಲ್ಲಿ ವೈದ್ಯರ ಒಂದು ಸಂಘಕ್ಕೆ ಬಂದಿತು. ಅಮೆರಿಕ ಮತ್ತು ಅಂದಿನ ಸೋವಿಯತ್ ದೇಶದ ವೈದ್ಯರು 1980ರಲ್ಲಿ ಕೂಡಿ ಕಟ್ಟಿದ ಸಂಘ ಅದು. ಅಣ್ವಸ್ತ್ರ ಯುದ್ಧ ನಡೆದರೆ ಗಾಯಗೊಂಡವರಿಗೆ ಚಿಕಿತ್ಸೆ ಕೊಡಲು ಆಸ್ಪತ್ರೆಯೂ ಉಳಿಯದು, ವೈದ್ಯನೂ ಉಳಿಯನು ಎಂಬುದನ್ನು ತಮ್ಮ ವೃತ್ತಿಯ ಜ್ಞಾನದಿಂದಲೇ ಅವರು ಜನರಿಗೆ ತಿಳಿಸಿದರು. ಈ ಪಾರಿತೋಷಕಕ್ಕೆ ಅರ್ಜಿ ಫಾರಂ ಇಲ್ಲ, ಶುಲ್ಕವೂ ಇಲ್ಲ. ತನ್ನ ಹೆಸರನ್ನು ತಾನೇ ಸೂಚಿಸಿಕೊಂಡರೆ ಅದನ್ನು ಪರಿಗಣಿಸುವುದಿಲ್ಲ. ಸೂಚಿಸುವ ಹಕ್ಕು ದೇಶದೇಶಗಳ ಪಾರ್ಲಿಮೆಂಟ್ ಸದಸ್ಯರಿಗೆ, ಮಂತ್ರಿಗಳಿಗೆ, ಕಾನೂನು, ಚರಿತ್ರೆ ಮೊದಲಾದ ವಿಷಯಗಳ ಪ್ರಾಧ್ಯಾಪಕರಿಗೆ ಮತ್ತು ಹಿಂದೆ ಅದನ್ನು ಪಡೆದವರಿಗೆ ಇರುತ್ತದೆ. ಜನವರಿ 31ರೊಳಗೆ ಸೂಚನೆ ತಲುಪಬೇಕು. ನಾರ್ವೆಯ ಪಾರ್ಲಿಮೆಂಟ್ ನೇಮಿಸಿದ ಐದು ಜನರ ಸಮಿತಿ ತೀರ್ಮಾನಿಸುತ್ತದೆ. ಯಾರು ಯಾರನ್ನು ಸೂಚಿಸಿದ್ದರು ಎಂಬ ದಾಖಲೆಯನ್ನು 50 ವರ್ಷ ಗುಟ್ಟಾಗಿ ಇಡುತ್ತಾರೆ.

2015ರಲ್ಲಿ ಈ ಪಾರಿತೋಷಕ ಟುನೀಷಿಯಾದ ನಾಲ್ಕು ಸಂಘಗಳ ಕೂಟಕ್ಕೆ ಸಂದಿತು. ಟುನೀಷಿಯಾ ಆಫ್ರಿಕದ ಉತ್ತರ ತುದಿಯಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯ ಮೇಲಿರುವ ಸಣ್ಣ ದೇಶ. ಅಲ್ಲಿನ ತೋಟಗಾರನ ಬೆಳೆ ಆಲಿವ್ ಮತ್ತು ಖರ್ಜೂರ. 2010ರ ಡಿಸೆಂಬರ್ 17ರಂದು ಸಿದಿ ಬೂಜಿದ್ ಎಂಬ ಊರಿನಲ್ಲಿ ಮೊಹಮದ್ ಬುವಜೀಜಿ ಎಂಬ ಹಣ್ಣು ತರಕಾರಿ ಮಾರುವ ಯುವಕ ಅಧಿಕಾರಿಗಳ ಕಾಟ ತಾಳಲಾರದೆ ಬೆಂಕಿ ಹಚ್ಚಿಕೊಂಡ. ದೇಶವೆಲ್ಲ ದಂಗೆಯೆದ್ದಿತು. 23 ವರ್ಷ ಆಳಿದ್ದ ಅಧ್ಯಕ್ಷ ಬೆನ್ ಅಲಿ 2011ರ ಜನವರಿ 14ರಂದು ದೇಶ ಬಿಟ್ಟು ಓಡಿಹೋದ. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಸಂವಿಧಾನ ಬರೆಯಲು 217 ಜನರ ಸಭೆಯನ್ನು ಜನ ಆರಿಸಿದರು. ಒಂದು ವರ್ಷದಲ್ಲಿ ಮುಗಿಯಬೇಕಾಗಿದ್ದ ಕೆಲಸ ಎಳೆದಾಡಿತು. ಒಂದು ಕಡೆ ಧರ್ಮವನ್ನು ಮುಂದಿಟ್ಟುಕೊಂಡ ಪಕ್ಷ, ಇನ್ನೊಂದು ಕಡೆ ಅದನ್ನು ಒಪ್ಪದವರು. 2013ರ ಫೆಬ್ರವರಿ 6ರಂದು ಶುಕ್ರಿ ಬೆಲೈದ್ ಎಂಬ ವಿರೋಧ ಪಕ್ಷದ ನಾಯಕನನ್ನು ಗುಂಡಿಟ್ಟು ಕೊಂದರು. ಜುಲೈ 25ರಂದು ಸಂವಿಧಾನ ಸಭೆಯ ಸದಸ್ಯ ಮೊಹಮದ್ ಬ್ರಾಹ್ಮಿಯ ಕೊಲೆಯಾಯಿತು. ಸದಸ್ಯರು ಸಭೆಯಿಂದ ಹೊರನಡೆದರು, ಬೀದಿಯಲ್ಲಿ ಜನ ಕುಳಿತರು, ಆಗಸ್ಟ್ 6ರಂದು ಸಭೆಯ ಅಧ್ಯಕ್ಷರು ಕಲಾಪವನ್ನೇ ನಿಲ್ಲಿಸಿದರು. ಪಕ್ಕದ ಲಿಬಿಯಾದಂತೆ ಇದೂ ಹಾಳಾದೀತೆಂದು ಎಲ್ಲರೂ ಅಂಜಿದರು.

ಆಗ ಮುಂದೆ ಬಂದವು ಈ ನಾಲ್ಕು ಸಂಸ್ಥೆಗಳು: ಕಾರ್ಮಿಕರ ಮಹಾಸಂಘ, ಕೈಗಾರಿಕೆ ವ್ಯಾಪಾರ ಮತ್ತು ಕರಕುಶಲ ಉದ್ಯಮಿಗಳ ಒಕ್ಕೂಟ, ವಕೀಲರ ಸಂಘ, ಮಾನವ ಹಕ್ಕುಗಳ ಲೀಗ್. ಮೊದಲ ಎರಡನ್ನು ಗಮನಿಸಬೇಕು. ಕಾರ್ಮಿಕರ ಸಂಘ 1946ರಲ್ಲಿ ಹುಟ್ಟಿದ್ದು. ಅದರ ಸ್ಥಾಪಕ ಫರ್ಹತ್ ಹಶೇದ್ 1952ರಲ್ಲಿ, ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, ಕೊಲೆಯಾದವನು. ಉದ್ಯಮಿಗಳ ಒಕ್ಕೂಟ ಅದಕ್ಕಿಂತ ಒಂದು ವರ್ಷ ಕಿರಿದು. ಕೂಲಿಯ ದರ, ಮುಷ್ಕರ, ಬೀಗಮುದ್ರೆ ಎಂದು ಇವೆರಡೂ ಆರು ದಶಕ ಎದುರುಬದುರು ಕುಳಿತೇ ಬಾಳಿದವು. ತೋಟದ ಮಾಲೀಕರ ಸಂಘವೂ ತೋಟ ಕಾರ್ಮಿಕರ ಯೂನಿಯನ್ನೂ ಕೂಲಿ ಒಪ್ಪಂದದ ಮಾತುಕತೆಗೆ ಕುಳಿತಾಗ ಆ ಕೋಣೆಯ ಗಾಳಿ ಹೇಗಿರುತ್ತದೆಂದು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಅಂತಹ ಇಬ್ಬರು ಒಂದೇ ಕಾಗದಕ್ಕೆ ಸಹಿ ಹಾಕಿದರು. ಕಾರ್ಮಿಕರ ಪರವಾಗಿ ಹುಸೇನ್ ಅಬ್ಬಾಸಿ, ಉದ್ಯಮಿಗಳ ಪರವಾಗಿ ವಿದಾದ್ ಬುಶಮಾವಿ ಎಂಬ ಮಹಿಳೆ. (ಅಲ್ಲಿಯ ಕೃಷಿಕರಿಗೂ ಮೀನುಗಾರರಿಗೂ ಸೇರಿ ದೊಡ್ಡದೊಂದು ಒಕ್ಕೂಟವಿದೆ. ಈ ನಾಲ್ವರಲ್ಲಿ ಅದರ ಹೆಸರಿಲ್ಲ. ಬೇಸಾಯಗಾರರಾದ ನಮಗೆ ಇದು ಸ್ವಲ್ಪ ಚುಚ್ಚುತ್ತದೆ.)

ಅವರು ಮಾಡಿದ್ದು ಇಷ್ಟು. ಸೆಪ್ಟೆಂಬರಿನಲ್ಲಿ ಒಂದು ಕಾರ್ಯಸೂಚಿ ಸಿದ್ಧಪಡಿಸಿದರು. ಇರುವ ಸರ್ಕಾರ ರಾಜೀನಾಮೆ ಕೊಡಬೇಕು, ಪಕ್ಷಕ್ಕೆ ಸೇರದವರ ಸರ್ಕಾರ ಬರಬೇಕು, ಸಂವಿಧಾನ ಮುಗಿಯಬೇಕು, ಚುನಾವಣೆ ನಡೆಸಲು ಸ್ವತಂತ್ರ ಮಂಡಳಿ ಆಗಬೇಕು, ಪ್ರತಿಯೊಂದಕ್ಕೂ ಗಡುವು ಇರಬೇಕು. ಅಕ್ಟೋಬರ್ 5ರಂದು ಪಕ್ಷಗಳನ್ನು ಕರೆಸಿ ಎಲ್ಲರೆದುರು ಸಹಿ ಹಾಕಿಸಿದರು. ಸಹಿ ಹಾಕದಿದ್ದವರಿಗೆ ಮಾತುಕತೆಯಲ್ಲಿ ಜಾಗವಿಲ್ಲ ಎಂಬ ನಿಯಮ ಮಾಡಿದರು. ಗಡುವುಗಳು ಮೀರಿದವು, ಮಾತುಕತೆ ನಡುವೆ ಮುರಿದೂ ಬಿದ್ದಿತು, ಮತ್ತೆ ಕೂಡಿಸಿದರು. ಡಿಸೆಂಬರ್ 14ರಂದು ಮೆಹ್ದಿ ಜುಮಾ ಎಂಬವರ ಹೆಸರನ್ನು ಪ್ರಧಾನಿ ಪದವಿಗೆ ಆರಿಸಿದರು. 2014ರ ಜನವರಿ 26ರಂದು ಹೊಸ ಸಂವಿಧಾನಕ್ಕೆ ಸಂವಿಧಾನ ಸಭೆಯಲ್ಲಿ 200 ಮತ ಬಿದ್ದವು. ಆ ವರ್ಷದ ಕೊನೆಯೊಳಗೆ ಚುನಾವಣೆಗಳೂ ನಡೆದವು. ನಾಲ್ಕು ಸಂಘಗಳಲ್ಲಿ ಯಾವುದಕ್ಕೂ ಸೈನ್ಯವಿರಲಿಲ್ಲ, ಶಾಸನ ಮಾಡುವ ಅಧಿಕಾರವಿರಲಿಲ್ಲ. ಆದರೆ ಒಂದರ ಹಿಂದೆ ಲಕ್ಷಾಂತರ ಕಾರ್ಮಿಕರು, ಇನ್ನೊಂದರ ಹಿಂದೆ ಅಂಗಡಿ ಕಾರ್ಖಾನೆಗಳು, ಮತ್ತೆರಡರ ಹಿಂದೆ ನ್ಯಾಯವಾದಿಗಳೆಂಬ ಹೆಸರು ಇತ್ತು. ಇವರು ನಾಳೆ ಚುನಾವಣೆಗೆ ನಿಲ್ಲುವವರಲ್ಲವೆಂದು ಪಕ್ಷಗಳೂ ನಂಬಿದವು. ಸಂಘವೊಂದಕ್ಕೆ ಇರುವ ನಿಜವಾದ ಆಸ್ತಿ ಈ ನಂಬಿಕೆಯೇ. ಅದು ಠೇವಣಿಯ ಲೆಕ್ಕದಲ್ಲಿ ಕಾಣುವುದಿಲ್ಲ.

2015ರ ಅಕ್ಟೋಬರ್ 9ರಂದು ಪಾರಿತೋಷಕ ಘೋಷಣೆಯಾದಾಗ ಸಮಿತಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತು. ಇದು ನಾಲ್ಕು ಸಂಸ್ಥೆಗಳಿಗೆ ಬೇರೆಬೇರೆಯಾಗಿ ಕೊಟ್ಟದ್ದಲ್ಲ, ಅವು ಕೂಡಿ ಆದ ಕೂಟಕ್ಕೆ ಕೊಟ್ಟದ್ದು ಎಂದು. 80 ಲಕ್ಷ ಸ್ವೀಡಿಷ್ ಕ್ರೋನರ್ ಮೊತ್ತದ ಆ ಬಹುಮಾನವನ್ನು ಡಿಸೆಂಬರ್ 10ರಂದು ಓಸ್ಲೋದಲ್ಲಿ ನಾಲ್ವರೂ ಒಟ್ಟಾಗಿ ಸ್ವೀಕರಿಸಿದರು. ಕಾರ್ಮಿಕರ ಸಂಘ ಕೂಲಿ ಹೆಚ್ಚಿಸಿದ್ದಕ್ಕೆ, ಉದ್ಯಮಿಗಳ ಸಂಘ ರಫ್ತು ಹೆಚ್ಚಿಸಿದ್ದಕ್ಕೆ ಪಾರಿತೋಷಕ ಬರಲಿಲ್ಲ. ತಮ್ಮತಮ್ಮ ಹಿತಗಳು ಘರ್ಷಿಸುತ್ತಿದ್ದರೂ ಮೂರನೆಯವರಿಗಾಗಿ ಒಂದೇ ಮೇಜಿಗೆ ಬಂದುದಕ್ಕೆ ಬಂದಿತು.

ಕಥೆ ಅಲ್ಲಿಗೇ ನಿಲ್ಲಿಸಿದರೆ ಸತ್ಯವನ್ನು ಅರ್ಧ ಹೇಳಿದಂತೆ. 2021ರ ಜುಲೈ 25ರಂದು ಅಲ್ಲಿನ ಅಧ್ಯಕ್ಷ ಕೈಸ್ ಸಯೀದ್ ಪ್ರಧಾನಿಯನ್ನು ವಜಾ ಮಾಡಿ ಪಾರ್ಲಿಮೆಂಟನ್ನು ಅಮಾನತಿನಲ್ಲಿಟ್ಟರು. 2022ರ ಜುಲೈ 25ರಂದು ಜನಮತ ಪಡೆದು, ಅಧ್ಯಕ್ಷರಿಗೇ ಹೆಚ್ಚು ಅಧಿಕಾರ ಕೊಡುವ ಬೇರೆ ಸಂವಿಧಾನ ತಂದರು. ನಾಲ್ಕು ಸಂಘಗಳು ಕಷ್ಟಪಟ್ಟು ಮಾಡಿಸಿದ ಸಂವಿಧಾನ ಈಗ ಜಾರಿಯಲ್ಲಿಲ್ಲ. ಪಾರಿತೋಷಕ ಕೆಲಸಕ್ಕೆ ಕಾವಲು ನಿಲ್ಲುವುದಿಲ್ಲ. ಮಾಡಿದ ಕೆಲಸವನ್ನು ಗುರುತಿಸುವುದಷ್ಟೇ ಅದರ ಶಕ್ತಿ. ಹಾಗೆಂದು 2013ರಲ್ಲಿ ಆ ದೇಶ ಅಂತರ್ಯುದ್ಧಕ್ಕೆ ಬೀಳದೆ ಉಳಿದದ್ದು ಸುಳ್ಳಾಗುವುದಿಲ್ಲ.

ನಮ್ಮ ದೇಶದ ಉದಾಹರಣೆ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಗುಜರಾತಿನ ಆನಂದದಲ್ಲಿ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಒಕ್ಕೂಟ 1946ರಲ್ಲಿ ನೋಂದಣಿಯಾಯಿತು. ಅಮುಲ್ ಎಂದರೆ ಎಲ್ಲರಿಗೂ ಗೊತ್ತು. 1963ರಲ್ಲಿ ಫಿಲಿಪೀನ್ಸಿನ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ಅದನ್ನು ಮೂವರಿಗೆ ಕೂಡಿಸಿ ಕೊಟ್ಟರು: ರೈತರನ್ನು ಸಂಘಟಿಸಿದ ತ್ರಿಭುವನದಾಸ್ ಪಟೇಲ್, ಡೈರಿಯನ್ನು ನಡೆಸಿದ ವರ್ಗೀಸ್ ಕುರಿಯನ್, ಮುಂಬಯಿಯ ಹಾಲು ಯೋಜನೆಯ ಅಧಿಕಾರಿ ದಾರಾ ಖುರೋಡಿ. ಮಾರುವವರ ಪರ ಇಬ್ಬರು, ಕೊಳ್ಳುವ ನಗರದ ಪರ ಒಬ್ಬರು. ಪೇಟೆಯ ಮಗುವಿಗೆ ಶುದ್ಧ ಹಾಲು ಸಿಕ್ಕಿದ್ದೂ ಹಳ್ಳಿಯವನಿಗೆ ನ್ಯಾಯದ ಬೆಲೆ ಸಿಕ್ಕಿದ್ದೂ ಒಂದೇ ಕೆಲಸದ ಎರಡು ಮುಖವೆಂದು ಪ್ರಶಸ್ತಿ ಕೊಟ್ಟವರು ಕಂಡಿದ್ದರು. ತ್ರಿಭುವನದಾಸರ ಮುಂದಿನ ನಡೆ ನಮಗೆ ಇನ್ನೂ ಹೆಚ್ಚಿನದೆನಿಸುತ್ತದೆ. ಅವರು ನಿವೃತ್ತರಾದಾಗ ಹಳ್ಳಿಗಳ ಸದಸ್ಯರು ಕೂಡಿಸಿ ಅರ್ಪಿಸಿದ ನಿಧಿಯನ್ನು ಮನೆಗೆ ಒಯ್ಯದೆ, ತಾಯಿ ಮಕ್ಕಳ ಆರೋಗ್ಯಕ್ಕಾಗಿ ಒಂದು ಪ್ರತಿಷ್ಠಾನ ಮಾಡಿದರು. ಹಾಲಿನ ಸಂಘಗಳ ಮೂಲಕವೇ ಅದು ಹಳ್ಳಿಗಳಲ್ಲಿ ಕೆಲಸ ನಡೆಸಿತು.

ನಮ್ಮ ಕಡೆಗೂ ಬರೋಣ. 1970ರ ಸುಮಾರಿಗೆ ಅಡಿಕೆ ಧಾರಣೆ ನೆಲಕಚ್ಚಿದ ಮೇಲೆ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದು ಮಾರುಕಟ್ಟೆಗೆ ಇಳಿದು ಕೊಳ್ಳತೊಡಗಿದಾಗ ಷೇರು ಹಿಡಿಯದ ಬೆಳೆಗಾರನಿಗೂ ಆ ಧಾರಣೆಯ ನೆರಳು ಸಿಕ್ಕಿತು. ಖಾಸಗಿ ವರ್ತಕನೂ ಅದಕ್ಕಿಂತ ತೀರ ಕೆಳಗೆ ಕೇಳಲಾರದೆ ಹೋದ. ಕೊಕ್ಕೊ ಕೇಳುವವರಿಲ್ಲದ ಕಾಲದಲ್ಲಿ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಹಾಕಿತು. ಇಂತಹದಕ್ಕೆ ಸಾರ್ವಜನಿಕ ಸೇವೆಯೆಂಬ ಹೆಸರನ್ನು ನಾವು ಸುಲಭವಾಗಿ ಕೊಡುವುದಿಲ್ಲ, ಏಕೆಂದರೆ ಅದು ನಮ್ಮ ವ್ಯವಹಾರವೂ ಹೌದು. ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನು ನಮ್ಮಂತಹ ಪ್ರಾಥಮಿಕ ಸಂಘಕ್ಕೆ ಎಟಕುವ ಗೌರವಗಳು. ನವೆಂಬರ್ 14ರಿಂದ 20ರವರೆಗಿನ ಸಹಕಾರ ಸಪ್ತಾಹದ ಹೊತ್ತಿಗೆ ರಾಜ್ಯದಲ್ಲಿ ಕೊಡುವ ಸಹಕಾರ ರತ್ನ ಹಿರಿಯ ಸಹಕಾರಿಗಳಿಗೆ ವೈಯಕ್ತಿಕವಾಗಿ ಸಲ್ಲುವಂಥದು, ಸಂಘಕ್ಕಲ್ಲ. ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮ ಪ್ರಾಥಮಿಕ ಸಂಘಗಳ ಒಳ್ಳೆಯ ಕೆಲಸಕ್ಕಾಗಿ ಪ್ರಶಸ್ತಿಗಳನ್ನು ಇಟ್ಟಿದೆ. ಯಾವುದೇ ಪ್ರಶಸ್ತಿಯ ಪತ್ರ ಬಂದರೂ ಸದಸ್ಯರು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಕೊಡುವವರು ಯಾರು, ಅವರ ಲೆಕ್ಕಪತ್ರ ಯಾರ ಕಣ್ಣಿಗೆ ಬೀಳುತ್ತದೆ? ಹಿಂದೆ ಯಾರಿಗೆ ಕೊಟ್ಟಿದ್ದಾರೆ? ತೀರ್ಪುಗಾರರ ಹೆಸರನ್ನು ಹೇಳುತ್ತಾರೆಯೇ? ನಮ್ಮ ಆಡಿಟ್ ವರದಿ ಕೇಳುತ್ತಾರೋ, ನಮ್ಮ ಚೆಕ್ ಕೇಳುತ್ತಾರೋ? ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಮಿಕ್ಕವನ್ನು ಕೇಳುವ ಶ್ರಮ ಅನೇಕ ಸಲ ಉಳಿಯುತ್ತದೆ.

ನಮ್ಮ ಸಂಘದ ಪರವಾಗಿ ಅರ್ಜಿ ಬರೆಯಬೇಕೆಂದು ಮಹಾಸಭೆ ತೀರ್ಮಾನಿಸಿದರೆ ಬರೆಯಲು ಅಡ್ಡಿಯಿಲ್ಲ. ಬರೆಯಲು ಏನಿದೆ ಎಂಬುದೇ ವಿಷಯ. ಕೊಳೆರೋಗದ ಮಳೆಗಾಲದಲ್ಲಿ ಸದಸ್ಯರಲ್ಲದ ಚಿಕ್ಕ ಹಿಡುವಳಿಯವರ ಮರಗಳಿಗೂ ನಮ್ಮ ದೋಟಿ ತಂಡ ಬೋರ್ಡೋ ದ್ರಾವಣ ಹೊಡೆದುಕೊಟ್ಟಿದೆ. ರೋಗ ಸರ್ವೆ ನಂಬರ್ ನೋಡಿ ಹರಡುವುದಿಲ್ಲವಾದ್ದರಿಂದ ಇದರಲ್ಲಿ ಸ್ವಂತ ಹಿತವೂ ಸೇರಿದೆ. ಮರದಿಂದ ಬಿದ್ದ ಕೊನೆಗಾರರ ಚಿಕಿತ್ಸೆಗೆ ಸಹಾಯನಿಧಿಯಿಂದ ಕೊಟ್ಟದ್ದಿದೆ. ಇವು ಬರೆಯಬಹುದಾದವು.

ಆದರೆ ಟುನೀಷಿಯಾದವರ ಅಳತೆಗೋಲನ್ನು ಹಿಡಿದರೆ ನಮ್ಮ ಮುಂದಿರುವ ನಿಜವಾದ ಕೆಲಸ ಪಲ್ಪರ್ ನೀರಿನದು. ಕಾಫಿ ಹಣ್ಣು ಸುಲಿದು ತೊಳೆದ ನೀರಿನಲ್ಲಿ ಲೋಳೆಯ ಸಕ್ಕರೆ ಅಂಶ ಹುಳಿಯುತ್ತದೆ, ನೀರಿನೊಳಗಿನ ಆಮ್ಲಜನಕವನ್ನು ಹೀರುತ್ತದೆ, ಮೀನು ಸಾಯುತ್ತದೆ, ನಾತ ಬರುತ್ತದೆ. ಹಣ್ಣು ಬಿಡಿಸುವ ಕಾಲಕ್ಕೇ ಹಳ್ಳದ ಹರಿವೂ ಇಳಿದಿರುತ್ತದೆ. ಕೆಳಗಿನ ಊರಿನವರು ದನಕ್ಕೆ ನೀರು ಕುಡಿಸುವುದೂ ಬಟ್ಟೆ ಒಗೆಯುವುದೂ ಅದೇ ಹಳ್ಳದಲ್ಲಿ. ಒಬ್ಬೊಬ್ಬರೇ ತೊಟ್ಟಿ ಕಟ್ಟಿ ನೀರನ್ನು ತೋಟದೊಳಗೇ ತಡೆದು ನಿಲ್ಲಿಸುವುದು ದೊಡ್ಡ ಎಸ್ಟೇಟಿಗೆ ಸಾಧ್ಯ, ಎರಡು ಎಕರೆಯವನಿಗೆ ಕಷ್ಟ. ಸಂಘದ ಹೆಸರಿನಲ್ಲಿ ಒಂದು ಸಾಮೂಹಿಕ ಪಲ್ಪಿಂಗ್ ಘಟಕ ಮತ್ತು ತೊಟ್ಟಿಗಳನ್ನು ಮಾಡುವ ಪ್ರಸ್ತಾಪ ಆಡಳಿತ ಮಂಡಳಿಯ ಮುಂದಿದೆ. ಜಾಗ ಎಲ್ಲಿ, ವೆಚ್ಚದಲ್ಲಿ ಯಾರ ಪಾಲು ಎಷ್ಟು ಎಂಬುದು ನಮ್ಮೊಳಗೇ ಕುಳಿತು ಮುಗಿಸುವ ಮಾತಲ್ಲ. ಕೆಳಗಿನ ಊರಿನವರು ನಮ್ಮ ಷೇರುದಾರರಲ್ಲ, ನಮ್ಮ ಮೇಲೆ ಅವರಿಗೆ ಪ್ರೀತಿಯೂ ಅಷ್ಟಕ್ಕಷ್ಟೆ. ಕಾರ್ಮಿಕ ಯೂನಿಯನ್ನಿನವರಿಗೆ ಲೈನ್ ಮನೆಗಳ ಕುಡಿಯುವ ನೀರಿನ ದೂರು ಬೇರೆ ಇದೆ.

ಆದುದರಿಂದ ಹಣ್ಣು ಬಿಡಿಸುವ ಕೆಲಸ ಆರಂಭವಾಗುವ ಮೊದಲು ಸಂಘದ ಸಭಾಂಗಣದಲ್ಲಿ ಗ್ರಾಮ ಪಂಚಾಯಿತಿ, ಯೂನಿಯನ್ ಮತ್ತು ಕೆಳಗಿನ ಊರಿನ ಪ್ರತಿನಿಧಿಗಳೊಂದಿಗೆ ಒಂದು ಸಭೆ ಕರೆಯಲಾಗಿದೆ. ದಿನಾಂಕವನ್ನು ಕಚೇರಿಯ ಸೂಚನಾ ಫಲಕದಲ್ಲಿ ಹಾಕಿದ್ದೇವೆ. ಸ್ವಂತ ಪಲ್ಪರ್ ಇರುವ ಸದಸ್ಯರು ತಾವು ದಿನಕ್ಕೆ ಸುಮಾರು ಎಷ್ಟು ಹಣ್ಣು ಸುಲಿಯುತ್ತಾರೆ, ಎಷ್ಟು ನೀರು ಬಳಸುತ್ತಾರೆ, ಆ ನೀರು ಈಗ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸಭೆಗೆ ತರಬೇಕು. ಚೀಟಿಯ ಮೇಲೆ ಹೆಸರು ಬರೆಯುವುದು ಕಡ್ಡಾಯವಲ್ಲ, ಆದರೆ ಲೆಕ್ಕ ಸರಿಯಾಗಿರಲಿ.